ಎಡಗಡೆಯ ಪೆಟ್ಟಿಗೆ

"ಸಿನ್ನರ್ ದಾಟೀವ್ರೀ, ಇನ್ನ ಮುಕ್ಕಾಲು ತಾಸಿನ್ಯಾಗ ನಾಶಿಕದಾಗ, ನಿಮ್ಮ ಮನ್ಯಾಗ ಇರ್ತೀವಿ" ಎಂದು ಸ್ಪೀಕರ್ ರಿಪೇರಿಗೆ ಕೊಟ್ಟಿದ್ದ ಸಾಯಬಣ್ಣ ಮಾಸ್ತರರು ಫೋನಿನಲ್ಲಿ ಹೇಳಿದಾಗ ತ್ಯಾಗರಾಜ ಸೋಲ್ಡರಿಂಗ್ ಐರನ್ ಕೆಳಗಿಟ್ಟು ಗಡಿಯಾರ ನೋಡಿದ. ಸಂಜೆ ಆರಕ್ಕೆ ಬರುತ್ತೇನೆಂದವರು ನಾಲ್ಕಕ್ಕೇ ಬರುತ್ತಿದ್ದರು. ಹೆಂಡತಿ ವಸುಧಾ ಮನೆಯಲ್ಲಿರಲಿಲ್ಲ, ಪಕ್ಕದ ಸೊಸೈಟಿಗೆ ಹಳದಿ-ಕುಂಕುಮಕ್ಕೆ ಹೋಗಿದ್ದಳು. ಅವಳಿಗೆ ಫೋನ್ ಹಚ್ಚಿದರೆ ಅದು ಅಡುಗೆಮನೆಯ ಕಟ್ಟೆಯ ಮೇಲೆಯೇ ಗುರುಗುಟ್ಟಿತು.

ಹೆಂಡತಿಯಿಲ್ಲದೆ ಸ್ಪೀಕರ್ ರಿಪೇರಿ ಮಾಡಲಾಗದೇ ಎಂದು ಯಾರಾದರೂ ನಕ್ಕಾರು. ನಗುವ ವಿಷಯವಲ್ಲ. ಓಝರಿನ ವಿಮಾನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ತ್ಯಾಗರಾಜ ಹಳೆಯ ಸ್ಪೀಕರುಗಳನ್ನು ಸರಿಮಾಡುವುದರಲ್ಲಿ ಹೆಸರು ಮಾಡಿದ್ದ. 'ತ್ಯಾಗರಾಜರ ಕಿವಿಗೆ ಮೋಸವಿಲ್ಲ' ಎಂದು ಜನ ಸಂಭಾಜಿನಗರದಿಂದಲೂ ಪೆಟ್ಟಿಗೆ ಹೊತ್ತು ತರುತ್ತಿದ್ದರು. ಅದೇ ಕಿವಿ ಎರಡು ವರ್ಷದಿಂದ ಕೈಕೊಟ್ಟಿತ್ತು. ಮಾತು ಕೇಳುತ್ತಿತ್ತು, ತಬಲಾ ಕೇಳುತ್ತಿತ್ತು, ತಾಳದ ಕಿಣಿಕಿಣಿಯಂಥ ಸಣ್ಣ ದನಿ ಮಾತ್ರ ಪೂರ್ತಿ ಹೋಗಿಬಿಟ್ಟಿತ್ತು. ಈ ಗುಟ್ಟು ವಸುಧಾಳಿಗಲ್ಲದೆ ಇನ್ನೊಬ್ಬರಿಗೆ ತಿಳಿಯದು. ಗಿರಾಕಿಯ ಮುಂದೆ ಹಾಡು ಹಚ್ಚಿದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವಳು. ದನಿ ಸರಿಯಿದ್ದರೆ ಸುಮ್ಮನೆ ಒಳಗೆ ಹೋಗುವಳು, ಇಲ್ಲವಾದರೆ "ಕಾಫಿ ಮಾಡ್ಲಾ?" ಎನ್ನುವಳು. ಆ ಮನೆಯಲ್ಲಿ ಕಾಫಿ ಕುಡಿದ ಗಿರಾಕಿಗಳಿಗೆ ತಾವೇಕೆ ಕುಡಿದೆವೆಂದು ಇಂದಿಗೂ ಗೊತ್ತಿಲ್ಲ.

ಮಾಸ್ತರರ ಜೋಡಿ ಸ್ಪೀಕರಿಗೆ ನಲವತ್ತು ವರ್ಷವಾಗಿತ್ತು. ಒಳಗೆ ಕ್ರಾಸ್‌ಓವರ್ ಎಂಬ ಹಲಗೆ ಇರುತ್ತದೆ; ದಪ್ಪ ದನಿಯನ್ನು ದೊಡ್ಡ ಸ್ಪೀಕರಿಗೂ ಸಣ್ಣ ದನಿಯನ್ನು ಮೇಲಿನ ಪುಟ್ಟ ಟ್ವೀಟರಿಗೂ ಹಂಚುವುದು ಅದರ ಕೆಲಸ. ಆ ಹಲಗೆಯ ಕೆಪಾಸಿಟರುಗಳು ಒಣಗಿಹೋಗಿದ್ದವು. ಬಲಗಡೆಯ ಪೆಟ್ಟಿಗೆಯನ್ನು ನಿನ್ನೆಯೇ ಮುಗಿಸಿ ವಸುಧಾಳಿಂದ ಸೈ ಅನ್ನಿಸಿಕೊಂಡಿದ್ದ. ಎಡಗಡೆಯದರ ಕೆಲಸ ಇನ್ನೂ ನಡೆದಿತ್ತು. ಫೋನ್ ಬಂದ ಮೇಲೆ ಅವನು ಎರಡು ಸಲ ಬಾಲ್ಕನಿಗೆ ಹೋಗಿ ವಸುಧಾಳ ದಾರಿ ನೋಡಿದ, ಒಂದು ಸಲ ಗೇಟಿನವರೆಗೂ ಇಳಿದುಬಂದ. ಆಮೇಲೆ ಗಡಿಬಿಡಿಯಲ್ಲಿ ಹಿಂಬದಿಯ ಹಲಗೆ ಮುಚ್ಚಿ ಸ್ಕ್ರೂ ಬಿಗಿದ. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಬಿಡಿಭಾಗ ಎಣಿಸದೆ ಮುಚ್ಚಳ ಮುಚ್ಚಿದವನಲ್ಲ, ಇವತ್ತು ಎಣಿಸಲಿಲ್ಲ.

ಮಾಸ್ತರರು ಬಂದವರೇ ಕುರ್ಚಿ ಎಳೆದುಕೊಂಡು ಎರಡು ಪೆಟ್ಟಿಗೆಗಳ ನಡುವೆ ಕೂತರು. ಎಪ್ಪತ್ತು ದಾಟಿದ ಸಂಗೀತ ಮಾಸ್ತರರು ಅವರು, ಅರ್ಧ ಸಂಭಾಜಿನಗರಕ್ಕೆ ಭಜನೆ ಕಲಿಸಿದವರು.

"ಹಚ್ಚರಿ ನೋಡೂಣು. ನಮ್ಮ ಹುಡುಗ್ಯಾರು ಇದರಾಗ ತಾಳ ಕೇಳಸಂಗಿಲ್ಲ, ಕೇಳಸಂಗಿಲ್ಲ ಅಂತ ಜೀವಾ ತಿಂದಾರ. ನಾಡಿದ್ದ ವಾಳೂಜದಾಗ ಭಜನಿ ಸ್ಪರ್ಧಾ ಅದ, ನಾನs ಪರೀಕ್ಷಕ. ಅಷ್ಟರಾಗ ನಾಕು ಹಳೇ ರೆಕಾರ್ಡಿಂಗ್ ಕೇಳಿ ಕಿವಿ ಹದಾ ಮಾಡ್ಕೋಬೇಕು."

ತ್ಯಾಗರಾಜ ಒಂದು ಭಜನೆ ಹಚ್ಚಿದ. ಹಾಡು ಬಂತು, ಹಾರ್ಮೋನಿಯಂ ಬಂತು, ತಬಲಾ ಬಂತು. ತಾಳ ಬಂತೋ ಇಲ್ಲವೋ ದೇವರಿಗೇ ಗೊತ್ತು. ಅಭ್ಯಾಸಬಲದಿಂದ ಅವನ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಯಿತು. ಬಾಗಿಲು ಖಾಲಿಯಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸುಮ್ಮನೆ ಕೆಮ್ಮಿದ, ಸುಮ್ಮನೆ ವೈರು ಮುಟ್ಟಿ ನೋಡಿದ. ಮಾಸ್ತರರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಬಲಗಡೆಯ ಪೆಟ್ಟಿಗೆಗೆ ಕಿವಿಗೊಟ್ಟರು, ಆಮೇಲೆ ಎಡಗಡೆಯದಕ್ಕೆ ಬಾಗಿದರು. ಅಲ್ಲಿಂದ ಬೇಗ ಏಳಲಿಲ್ಲ.

"ತ್ಯಾಗರಾಜರ..."

"ಹೇಳಿ ಮಾಸ್ತರೇ."

"ಈ ಎಡಗಡೀದು ಒಂದು ಕೈ ಮ್ಯಾಲs ಅದ ನೋಡ್ರಿ. ತಾಳ ಹ್ಯಾಂಗ ಕಿಣಿಕಿಣಿ ಅಂತದ. ಕೇಳಸ್ತದಲ್ಲ?"

"ಕೇಳಿಸದೇ ಏನು ಮಾಸ್ತರೇ."

"ಎಲ್ಲಾ ಕಿವೀ ಆಟರಿ ಇದು" ಎಂದು ಮಾಸ್ತರರು ಅವನ ಬೆನ್ನು ತಟ್ಟಿದರು. ತ್ಯಾಗರಾಜನಿಗೆ ಹೋದ ಜೀವ ಬಂದಂತಾಯಿತು. ಡ್ರೈವರನೊಂದಿಗೆ ತಾನೂ ಕೈಹಚ್ಚಿ ಎರಡೂ ಪೆಟ್ಟಿಗೆ ಗಾಡಿಗೇರಿಸಿದ, ಗಾಡಿ ತಿರುವು ದಾಟುವವರೆಗೆ ಕೈ ಬೀಸಿದ.

ವಸುಧಾ ಬಂದಾಗ ಅವನು ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದ. ಅವಳು ಮೇಜಿನ ಮೇಲೆ ಹರಡಿದ್ದ ಪೇಪರ್ ಮಡಿಸಲು ಎತ್ತಿದಳು. ಅದರಡಿ ಹೊಸ ಕೆಪಾಸಿಟರ್ ಒಂದು ಬಿದ್ದಿತ್ತು, ಎರಡೂ ಕಾಲು ಬಗ್ಗಿಸಿ ತಯಾರಾಗಿ.

"ಇದೇನ್ರೀ, ಇಲ್ಲೇ ಇದೆ?"

ತ್ಯಾಗರಾಜ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. ಎಡಗಡೆಯದರ ಹಳೆಯದನ್ನು ಕಿತ್ತಿದ್ದು ನೆನಪಿತ್ತು, ಹೊಸದನ್ನು ಕೂರಿಸಿದ್ದು ನೆನಪಿರಲಿಲ್ಲ. ಕೂರಿಸಿಯೇ ಇರಲಿಲ್ಲ. ಅದಿಲ್ಲದೆ ಸಣ್ಣ ದನಿ ಟ್ವೀಟರಿಗೆ ಹೋಗುವ ದಾರಿಯೇ ಇಲ್ಲ. ಮಾಸ್ತರರು ಬಾಗಿ ಕೇಳಿದಷ್ಟು ಹೊತ್ತೂ ಆ ಟ್ವೀಟರು ಮೂಕವಾಗಿ ಕೂತಿತ್ತು.

"ಅವರು ಏನಂದ್ರು?"

"ಎಡಗಡೇದೇ ಚೆನ್ನಾಗಿದೆ ಅಂದ್ರು. ತಾಳ ಕಿಣಿಕಿಣಿ ಅನ್ನತ್ತೆ ಅಂದ್ರು."

ವಸುಧಾ ಅವನ ಎದುರಿಗೆ ಮೆಲ್ಲಗೆ ಕೂತಳು. "ಫೋನ್ ಮಾಡಿ. ಇನ್ನೂ ಊರು ದಾಟಿರಲ್ಲ."

ಅವನು ಮಾಸ್ತರರ ನಂಬರು ತೆಗೆದ. ಬೆರಳು ಅಲ್ಲೇ ನಿಂತಿತು. ನಾಡಿದ್ದು ಸ್ಪರ್ಧೆಯ ಮಕ್ಕಳು ಅವರ ಮುಂದೆ ತಾಳ ಹಿಡಿದು ನಿಲ್ಲುವುದು ಅವನ ಕಣ್ಣಿಗೆ ಕಟ್ಟಿತು.

"ನನಗೆ ಕೇಳಿಸಲ್ಲ ಅಂತ ಇವತ್ತು ಒಪ್ಪಿಕೊಂಡುಬಿಡ್ತೀನಿ ವಸುಧಾ" ಎಂದ. "ಅವರಿಗೂ ಕೇಳಿಸಲ್ಲ ಅನ್ನೋದನ್ನ ಅವರಿಗೆ ಯಾರು ಹೇಳೋದು?"