ಟೀಚರ್ ಎಸೆದ ಕಟ್ಟು

ಬಂದರಿನ ನೀರಿನಿಂದ ಮೇಲೆತ್ತಿದ ಕಸ ತನ್ನನ್ನು ಎಸೆದವರ ಹೆಸರು ಕೂಗತೊಡಗಿ ಮೂರು ವರ್ಷವಾಗಿತ್ತು. ಮಂಗಳೂರಿನವರಿಗೆ ಅದು ಅಭ್ಯಾಸವಾಗಿಹೋಗಿತ್ತು. ಸೆವ್ರಿನ್ ಟೀಚರ್ ಏಳನೇ ತರಗತಿಯ ಮಕ್ಕಳನ್ನು ದೋಣಿ ಹತ್ತಿಸಿಕೊಂಡು, ಬಲೆಯಲ್ಲಿ ಕಸ ಎತ್ತುವುದನ್ನು ಕಲಿಸುತ್ತಿದ್ದರು. ದೋಣಿ ನಡೆಸುತ್ತಿದ್ದವನು ಅವರದೇ ಹಳೆಯ ವಿದ್ಯಾರ್ಥಿ ಅಶ್ರಫ್.

ಬಾಟಲಿಯೊಂದು "ಹೆಡ್ಮಾಸ್ಟರ್ ಜಯಂತ ಬಂಗೇರ!" ಎಂದು ಕೂಗಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು.

"ನಗುವುದಲ್ಲ, ಕಲಿಯಬೇಕು," ಎಂದು ಟೀಚರ್ ಗದರಿದರು.

ಮುಂದಿನ ಬಲೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಕಟ್ಟೊಂದು ಬಂದು, "ಸೆವ್ರಿನ್ ಡಿಸೋಜ!" ಎಂದು ಗಂಟಲು ಹರಿಯುವಂತೆ ಕೂಗಿತು. ಒಳಗಿದ್ದದ್ದು ಇಪ್ಪತ್ತು ವರ್ಷ ಹಿಂದಿನ, ಅಶ್ರಫನ ತರಗತಿಯ ವಿಜ್ಞಾನದ ಉತ್ತರಪತ್ರಿಕೆಗಳು. ಒಂದರಲ್ಲೂ ಕೆಂಪು ಶಾಯಿಯ ಗುರುತಿರಲಿಲ್ಲ.

"ಹಾಗಾದರೆ ನನಗೆ ಮೂವತ್ತೈದು ಕೊಟ್ಟದ್ದು ಹೇಗೆ ಟೀಚರೇ?" ಎಂದ ಅಶ್ರಫ್.

ಟೀಚರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾಯಿತು ಮಾರಾಯ. ತಿದ್ದಲು ಉದಾಸೀನವಾಗಿ ಎಲ್ಲರಿಗೂ ಅಷ್ಟೇ ಹಾಕಿದೆ. ಕೊಡು, ಈಗಲೇ ತಿದ್ದುತ್ತೇನೆ."

ಅಲ್ಲೇ ಕೂತು, ಪೆನ್ನು ತೆಗೆದು, ಅವನ ಪತ್ರಿಕೆಯನ್ನು ಸಾಲು ಬಿಡದೆ ಓದಿದರು.

"ಹನ್ನೊಂದು," ಎಂದರು ಕೊನೆಗೆ.

ಅಶ್ರಫ್ ಮಕ್ಕಳತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಅದನ್ನು ಮೆಲ್ಲ ನೀರಿಗೇ ಬಿಡುವ ಟೀಚರೇ."

"ಬಿಡಬಾರದು!" ಎಂದು ಇಡೀ ತರಗತಿ ಒಟ್ಟಿಗೆ ಕಿರುಚಿತು.