ಸಾಕು ಎಂದರೂ ನಿಲ್ಲದ ಅಳು

"ಸಾಕು, ಗಟ್ಟಿ ಮನಸ್ಸು ಮಾಡ್ಕೊಳ್ಳಿ" ಎಂದು ಓಸ್ಮೊನಾಲಿ ತಾತ ಕೈ ಎತ್ತಿದ ಕೂಡಲೇ, ಗುಡಾರದ ಹೊರಗೆ ಸಾಲಾಗಿ ನಿಂತಿದ್ದ ಗಂಡಸರೆಲ್ಲ ಅಳು ನಿಲ್ಲಿಸಿದರು. ಸಾತಾರನ ಮಗ ಬಯಮಾನ್ ಮಾತ್ರ ನಿಲ್ಲಿಸಲಿಲ್ಲ. ಸಾವಿನ ಮನೆಯ ಪದ್ಧತಿಯಂತೆ ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಬಾಗಿ, ಇಪ್ಪತ್ತರ ಆ ಹುಡುಗ ಹೋ ಎಂದು ಅಳುತ್ತಲೇ ಇದ್ದ.

ಒಳಗೆ ಸಾತಾರನ ಅಣ್ಣನ ಹೆಣವಿತ್ತು. ಬೆಳಗಿನಿಂದ ನಾರಿನ್ ಕಣಿವೆಯ ಊರೂರಿನಿಂದ ಜನ ಬರುತ್ತಿದ್ದರು. ಕಾರು ಇಳಿದ ಗಂಡಸರು ದೂರದಿಂದಲೇ "ಅಯ್ಯೋ, ಬೆಟ್ಟದಂಥ ಅಣ್ಣಾ" ಎಂದು ಕೂಗಿಕೊಂಡು ಬರಬೇಕು. ಗುಡಾರದ ಮುಂದಿನವರು ದನಿಗೂಡಿಸಬೇಕು. ಹಿರಿಯರು ಸಾಕು ಎಂದ ಮೇಲೆ ಎಲ್ಲರೂ ಕಣ್ಣೊರೆಸಿಕೊಳ್ಳಬೇಕು, ಬಂದವರು ಕೈ ತೊಳೆದು ಚಹಾಕ್ಕೆ ಹೋಗಬೇಕು. ಗಂಡಸು ಬಾಯಿಬಿಟ್ಟು ಅಳುವುದಕ್ಕೆ ಆ ಕಡೆ ಇರುವ ಜಾಗ ಇದೊಂದೇ.

"ಎಂಥಾ ಮಗನೋ ಸಾತಾರ್ ನಿನಗೆ!" ಎಂದ, ಆಗತಾನೆ ಬಂದ ಕುದುರೆ ವ್ಯಾಪಾರಿ. "ದೊಡ್ಡಪ್ಪನ ಮೇಲೆ ಎಷ್ಟು ಪ್ರೀತಿ ನೋಡು. ನಾನು ಸತ್ತಾಗ ಇವನನ್ನ ಕಳಿಸಿಕೊಡು ಮಾರಾಯ. ನನ್ನ ಮಕ್ಕಳ ಗಂಟಲಲ್ಲಿ ಇಷ್ಟು ದಮ್ಮಿಲ್ಲ."

ಸಾತಾರನಿಗೆ ಆ ದುಃಖದಲ್ಲೂ ಎದೆ ಸ್ವಲ್ಪ ಉಬ್ಬಿತು. ರಾಜಧಾನಿ ಬಿಷ್ಕೆಕ್‌ನ ಓದು ಅರ್ಧಕ್ಕೆ ಬಿಟ್ಟು ಬಂದ ಮಗ ವಸಂತದಿಂದ ಗೋಡೆಯ ಕಡೆ ತಿರುಗಿ ಮಲಗಿದ್ದ. ಕೇಳಿದವರಿಗೆಲ್ಲ, ಎದೆಗೆ ಥಂಡಿ ಹಿಡಿದಿದೆ ಎಂದು ಸಾತಾರ್ ಹೇಳುತ್ತಿದ್ದ. ಹುಡುಗ ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದಾಗ, "ಮೊದಲು ಹೊಟ್ಟೆ ತುಂಬ ಉಣ್ಣು, ಎಲ್ಲ ಸರಿಹೋಗುತ್ತೆ" ಎಂದು ಕುದುರೆಗೆ ನೀರು ತೋರಿಸುವ ನೆವದಲ್ಲಿ ಎದ್ದು ಹೋಗಿದ್ದ.

ತಾತ ಬಯಮಾನ್‌ನ ಬೆನ್ನು ತಟ್ಟಿದರು. "ಸಾಕು ಮಗಾ. ಹೀಗೆ ಅತ್ರೆ ದೊಡ್ಡಪ್ಪನ ಜೀವಕ್ಕೆ ನೆಮ್ಮದಿ ಇರಲ್ಲ."

"ನಾನು ದೊಡ್ಡಪ್ಪನಿಗೋಸ್ಕರ ಅಳ್ತಿಲ್ಲ ತಾತಾ. ಅವರನ್ನ ನಾನು ಸರಿಯಾಗಿ ನೋಡಿದ್ದೂ ಇಲ್ಲ."

"ಮತ್ತೆ?"

"ನನಗೋಸ್ಕರ ಅಳ್ತಿದ್ದೀನಿ."

"ಬಿಡ್ತು ಅನ್ನು!" ತಾತ ಕೈ ಹಿಂದಕ್ಕೆಳೆದುಕೊಂಡರು. "ಬದುಕಿರೋರಿಗೋಸ್ಕರ ಇಲ್ಲಿ ಅಳ್ತಾರೇನೋ? ಗುಡಾರ ಇನ್ನೊಂದು ಹೆಣ ಕೇಳುತ್ತೆ."

"ಹಾಗಾದ್ರೆ ಎಲ್ಲಿ ಅಳಲಿ? ಹಾಸ್ಟೆಲಲ್ಲಿ ಅತ್ತೆ, ಹುಚ್ಚ ಅಂದ್ರು. ಮನೇಲಿ ಅತ್ತೆ, ಹೆಂಗಸಾ ನೀನು ಅಂದ್ರು. ಇಲ್ಲಿ ಬೆಳಗಿಂದ ಅಳ್ತಿದ್ದೀನಿ, ಎಲ್ಲರೂ ಭೇಷ್ ಅಂತಿದ್ದೀರ." ಬಯಮಾನ್ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು ಸಾಲಿನುದ್ದಕ್ಕೂ ಒಬ್ಬೊಬ್ಬರ ಮುಖ ನೋಡಿದ. "ನನಗೋಸ್ಕರ ನೀವೆಲ್ಲ ಹೀಗೆ ಸಾಲಾಗಿ ನಿಂತ್ಕೋಬೇಕಾದ್ರೆ, ನಾನು ಮೊದಲು ಒಳಗೆ ಹೋಗಿ ಮಲಗಬೇಕಾ?"

ಒಳಗೆ ಹೆಂಗಸರು ಹಾಡಿಕೊಂಡು ಅಳುತ್ತಿದ್ದ ದನಿ ಅರೆಕ್ಷಣ ತಡವರಿಸಿತು. ಗುಡಾರದ ಉಣ್ಣೆಯ ಗೋಡೆ ಎಷ್ಟರ ಮರೆ? ಅತ್ತ ಮಾಂಸ ಬೇಯುತ್ತಿದ್ದ ಕಡಾಯಿಯ ಬಳಿ ಸೌದೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಟ್ಟು ಇತ್ತ ನೋಡಿದ.

"ಸಾತಾರ್, ಇವನನ್ನ ಆಚೆ ಕರ್ಕೊಂಡು ಹೋಗು. ಒಲೆ ಹತ್ರ ಕೂರಿಸು" ಎಂದರು ತಾತ, ದನಿ ತಗ್ಗಿಸಿ. "ಜನ ಬರ್ತಿದ್ದಾರೆ."

ಸಾತಾರ್ ಮಗನ ತೋಳು ಹಿಡಿದ. ದಪ್ಪ ಕೋಟಿನೊಳಗೆ ಬರೀ ಮೂಳೆ ಕೈಗೆ ಸಿಕ್ಕಿತು. ಇಷ್ಟು ಸೊರಗಿದ್ದಾನೆಂದು ಒಂದೇ ಮನೆಯಲ್ಲಿದ್ದ ತನಗೆ ಗೊತ್ತಾಗಲಿಲ್ಲವಲ್ಲ.

"ಎಳೀಬೇಡ ಅಪ್ಪಾ. ನಾನು ಹೋಗಲ್ಲ."

"ಎಲ್ಲಿಗೂ ಹೋಗ್ಬೇಡ" ಎಂದ ಸಾತಾರ್. ಹಿಡಿದ ತೋಳು ಬಿಡದೆ, ಮಗನನ್ನು ಸಾಲಿನಲ್ಲಿ ತನ್ನ ಪಕ್ಕಕ್ಕೆ ಎಳೆದುಕೊಂಡು ನಿಂತ.

"ನಿನಗೂ ತಲೆ ಕೆಟ್ಟಿತೇನೋ? ಬಂದವರು ಕೇಳಿದ್ರೆ ಏನು ಹೇಳ್ತೀಯ?" ಎಂದು ತಾತ ಸಾತಾರನನ್ನು ಗದರಿದರು.

"ಕೇಳಲಿ ತಾತಾ. ಯಾರಾದ್ರೂ ಒಬ್ಬರು ಕೇಳಲಿ."

ಅಷ್ಟರಲ್ಲಿ ರಸ್ತೆಯಲ್ಲಿ ಮೂರು ಕಾರು ನಿಂತವು. ಹತ್ತು ಹನ್ನೆರಡು ಗಂಡಸರು ಕೂಗಿಕೊಂಡು ಬಂದರು. ಸಾಲಿನವರು ಎಂದಿನಂತೆ ಅಣ್ಣನ ಹೆಸರೆತ್ತಿ ದನಿಗೂಡಿಸಿದರು. ಸಾತಾರ್ ಬಾಗಿದ, ಉಸಿರೆಳೆದುಕೊಂಡ. ಅಣ್ಣನಿಗಾಗಿಯೂ ಬೆಳಗಿನಿಂದ ಹೊರಡದಷ್ಟು ದೊಡ್ಡ ದನಿಯಲ್ಲಿ ಅವನ ಗಂಟಲು ಬಿರಿಯಿತು:

"ಅಯ್ಯೋ, ನನ್ನ ಮಗನೇ! ನನ್ನ ಬಯಮಾನೇ!"

ಬರುತ್ತಿದ್ದವರ ಕೂಗು ಅರ್ಧಕ್ಕೇ ತುಂಡಾಯಿತು. ಅವರು ಗುಡಾರದ ಬಾಗಿಲು ನೋಡಿದರು, ಸಾತಾರನನ್ನು ನೋಡಿದರು, ಅವನ ಪಕ್ಕದಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ ಹುಡುಗನನ್ನು ನೋಡಿದರು. ಮುಂದಿದ್ದ ಸಾತಾರನ ಭಾವ ಗಾಬರಿಯಿಂದ ಕೇಳಿಯೇಬಿಟ್ಟ:

"ಏನೋ ಇದು ಸಾತಾರ್? ನಿನ್ನ ಮಗನಿಗೆ ಏನಾಯ್ತು?"

ತಾತ, ಸಾಕು ಎನ್ನಲು ಕೈ ಎತ್ತಿದರು. ಸಾತಾರ್ ಆ ಕೈಯತ್ತ ನೋಡಲಿಲ್ಲ. ಮಗನ ತೋಳು ಅಲುಗಿಸಿದ.

"ಕೇಳ್ತಿದ್ದಾರಲ್ಲ, ಹೇಳು ಮಗಾ. ಜೋರಾಗಿ ಹೇಳು. ನಾನೂ ಇನ್ನೂ ಕೇಳಿಲ್ಲ."