ಹೋಗುವ ಕರಟ, ಬರುವ ಕರಟ

ಅಟ್ಟದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತಿಮ್ಮು ಕರಟಗಳನ್ನು ಮೂರನೆಯ ಸಲ ಎಣಿಸಿದ. ಲೆಕ್ಕ ತಪ್ಪಿರಲಿಲ್ಲ. ಇಬ್ಬರು ಹೋಗುತ್ತಾರೆ. ಒಬ್ಬರೇ ಬರುತ್ತಾರೆ.

ಹೆಂಡತಿ ದುರ್ಗಾಳಿಗೆ ಓದು ಬರಹ ಬಾರದು. ಕದ್ವಾಡದಿಂದ ಕಾರವಾರದ ಪೇಟೆಗೆ ಹರಿವೆ, ಬದನೆ ಒಯ್ದು ಮಾರುವವಳು. ಖರ್ಚಿನ ಲೆಕ್ಕವನ್ನು ತಾಯಿ ಕಲಿಸಿದ ಹಾಗೆ ಕರಟದಲ್ಲಿ ಇಡುತ್ತಾಳೆ. ಗೇರುಬೀಜ ಒಂದಕ್ಕೆ ನೂರು ರೂಪಾಯಿ, ಹುಣಸೆಬೀಜ ಒಂದಕ್ಕೆ ಹತ್ತು. ಯಾವ ಖರ್ಚೆಂಬುದಕ್ಕೆ ಒಂದೊಂದು ಗುರುತು. ಮದುವೆಯಾಗಿ ಹದಿನಾರು ವರ್ಷ. ಅವಳ ಕರಟ ಓದಲು ತಿಮ್ಮುವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂಬಯಿಗೆ ಹೋಗಿ ಅಣ್ಣನನ್ನು ನೋಡಿ ಎರಡು ದಿನಕ್ಕೆ ಬರುತ್ತೇನೆ ಎಂದಷ್ಟೇ ಅವಳು ಹೇಳಿದ್ದಳು. ಅಣ್ಣ ಬೀರು ಅಲ್ಲಿ ಯಾವುದೋ ಕಟ್ಟಡದ ಕಾವಲುಗಾರ. ಆದರೆ ಕರಟಗಳು ಬೇರೆಯೇ ಹೇಳುತ್ತಿದ್ದವು. ರೈಲುಹಳಿಯ ಜಲ್ಲಿಕಲ್ಲು ಇಟ್ಟ ಕರಟ ಎರಡು. ಬಡಗು ಗೋಡೆಯ ಬದಿಗಿದ್ದದ್ದು ಹೋಗುವುದಕ್ಕೆ; ಅದರಲ್ಲಿ ಐದು ಗೇರುಬೀಜ. ತೆಂಕು ಗೋಡೆಯ ಬದಿಗಿದ್ದದ್ದು ಬರುವುದಕ್ಕೆ. ಎರಡು ಗೇರುಬೀಜ, ಐದು ಹುಣಸೆಬೀಜ. ತಿಮ್ಮು ಸ್ಟೇಷನ್ನಿಗೇ ಹೋಗಿ ತಿಕೀಟಿನ ದರ ಕೇಳಿ ಬಂದಿದ್ದ. ಒಬ್ಬರಿಗೆ ಇನ್ನೂರೈವತ್ತು.

ಮೂರನೆಯದರಲ್ಲಿ ಬೀಗದ ಕೈ: ಖೋಲಿಯ ಬಾಡಿಗೆ. ನಾಲ್ಕನೆಯದರಲ್ಲಿ ಅಕ್ಕಿಕಾಳು, ಎಂಟು ಗೇರುಬೀಜ: ಒಬ್ಬರಿಗೆ ಒಂದು ತಿಂಗಳ ಊಟ. ಐದನೆಯದರಲ್ಲಿ ಅಂಗಿಯ ಗುಂಡಿ. ಅದಕ್ಕೆ ಖಾಕಿ ದಾರ ಇನ್ನೂ ಅಂಟಿಕೊಂಡಿತ್ತು.

ಅಣ್ಣನನ್ನು ನೋಡಲು ಹೋಗುವವಳಿಗೆ ಖೋಲಿ ಯಾಕೆ? ಖಾಕಿ ಯಾರಿಗೆ?

ಖಾಕಿ ತೊಡುವ ಗಂಡಸು ಕಣ್ಣ ಮುಂದೆಯೇ ಇದ್ದ. ಕೋಡಿಬಾಗದ ನಾಗು. ಅವಳ ಬುಟ್ಟಿಗಳನ್ನು ರಿಕ್ಷಾದಲ್ಲಿ ಒಯ್ಯುವವನು. ಮದುವೆಯಿಲ್ಲ. ರಿಕ್ಷಾದ ಕನ್ನಡಿಯ ಹಿಂದೆ ಬಾಚಣಿಗೆ ಸಿಕ್ಕಿಸಿಟ್ಟಿರುತ್ತಾನೆ. ಮುಂಬಯಿಯಲ್ಲಿ ಟ್ಯಾಕ್ಸಿ ಹೊಡೆದರೆ ಇಲ್ಲಿಯ ಮೂರು ಪಟ್ಟು ದುಡಿಯಬಹುದೆಂದು ಪೇಟೆಯಲ್ಲಿ ಎಲ್ಲರೆದುರು ಹೇಳುತ್ತಾನೆ.

ತಿಮ್ಮುವಿಗೆ ಇಂಥವು ಬೇಗ ಕಾಣುತ್ತಿದ್ದವು. ಮೊದಲು ಅವನಿಗೆ ಕೈಗಾದಲ್ಲಿ ಗುತ್ತಿಗೆದಾರನೊಬ್ಬನ ಕೈಕೆಳಗೆ ಕೆಲಸವಿತ್ತು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯವರೆಗೆ ಅವಳ ಬುಟ್ಟಿಯ ಮುಂದೆ ಯಾರು ಕೂತರು, ಯಾರು ನಕ್ಕರು ಎಂಬುದು ತಿಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಅವಳ ಬೆನ್ನ ಹಿಂದೆ ಗೋಣಿ ಹಾಸಿ ಕೂತ. ಬ್ಯಾಂಕಿನ ಗುಮಾಸ್ತರೊಬ್ಬರು ಬಸಳೆ ಆರಿಸುತ್ತ ತುಸು ಹೆಚ್ಚು ಹೊತ್ತು ಬಗ್ಗಿದರೆಂದು ತಕ್ಕಡಿ ಎತ್ತಿ ಎಸೆದ. ಅಂದಿನಿಂದ ಗಿರಾಕಿಗಳು ಪಕ್ಕದ ಜಯಂತಿಯ ಬುಟ್ಟಿಗೆ ಹೊರಳಿದರು. ದುರ್ಗಾ ಸೊಟ್ಟಗಾದ ತಟ್ಟೆಯನ್ನು ಕಲ್ಲಿನಿಂದ ಬಡಿದು ನೆಟ್ಟಗೆ ಮಾಡಿಕೊಂಡಳು.

ಭಾನುವಾರದ ಸಂತೆಯಲ್ಲಿ ಇನ್ನೊಂದು ಕಂಡಿತು. ದರ್ಜಿಯ ಅಂಗಡಿಯ ಗೂಟದಲ್ಲಿ ತಿಮ್ಮುವಿನದೇ ಹಳೆಯ ಗೆರೆಯಂಗಿ ತೂಗುತ್ತಿತ್ತು. ಅದರ ಮೇಲೆ ಕತ್ತರಿಸಿದ ಖಾಕಿ ಬಟ್ಟೆ. ಅವನಿಗೆ ಕೂಡಲೇ ಅರ್ಥವಾಯಿತು. ನಾಗು ಮೈಕಟ್ಟಿನಲ್ಲಿ ತನ್ನಷ್ಟೇ. ಅವನನ್ನು ದರ್ಜಿಯ ಮುಂದೆ ನಿಲ್ಲಿಸಿದರೆ ಊರು ನೋಡುತ್ತದೆಂದು ಗಂಡನ ಅಂಗಿಯನ್ನೇ ಅಳತೆಗೆ ಕೊಟ್ಟಿದ್ದಾಳೆ. ಆ ದಿನ ಅವನಿಗೆ ಅನ್ನ ಸೇರಲಿಲ್ಲ.

ಗುರುವಾರ ನಾಗುವಿನ ರಿಕ್ಷಾ ಬರಲಿಲ್ಲ. ತಾಯಿಯ ಮನೆಗೆಂದು ಅಂಕೋಲೆಗೆ ಹೋಗಿದ್ದಾನೆ ಎಂದು ಜಯಂತಿ ಹೇಳಿದಳು. ತಿಮ್ಮು ತಲೆದೂಗಿದ. ಮುಂಬಯಿಯ ರೈಲು ಅಂಕೋಲೆ ದಾಟಿಯೇ ಕಾರವಾರಕ್ಕೆ ಬರುತ್ತದೆ. ಅವನು ಅಲ್ಲಿ ಹತ್ತುತ್ತಾನೆ, ಇವಳು ಇಲ್ಲಿ. ಯಾರ ಕಣ್ಣಿಗೂ ಬೀಳುವುದಿಲ್ಲ.

ಸಂಜೆ ದುರ್ಗಾ ಅಂಗಳದಲ್ಲಿ ಹರಿವೆಯ ಕಟ್ಟು ಕಟ್ಟುತ್ತಿದ್ದಳು. ಅವನು ಎದುರು ಹೋಗಿ ನಿಂತ.

"ನಾನೂ ಬತ್ತೆ ಮುಂಬಯಿಗೆ."

ಅವಳು ಬಾಳೆನಾರಿನ ಗಂಟು ಬಿಗಿದಳು. "ಬನ್ನಿ. ತಿಕೀಟು ಅದೆ."

"ಯಾರಿಗೆ ಅಂತ ತೆಗ್ಸಿದ್ದು?"

"ಜಾಗ ಒಂದು ಇದ್ರೆ ಸಾಕಲ್ಲ ನಿಮ್ಗೆ."

ಇಷ್ಟು ಬೇಗ ಒಪ್ಪಿದ್ದೇ ಅವನ ಎದೆಯನ್ನು ಇನ್ನಷ್ಟು ಸುಟ್ಟಿತು. ಸಿಕ್ಕಿಬಿದ್ದವಳು ವಾದ ಮಾಡುವುದಿಲ್ಲ.

ಹೊರಟ ರಾತ್ರಿ ರೈಲಿನಲ್ಲಿ ಅವರ ಎರಡೂ ಸೀಟು ಖಾಲಿ ಇದ್ದವು. ತಿಮ್ಮು ಕೂರಲಿಲ್ಲ. ಡಬ್ಬಿಯ ಈ ತುದಿಯಿಂದ ಆ ತುದಿಗೆ ನಡೆದು ಒಂದೊಂದೇ ಮುಖ ನೋಡಿದ. ಪಾಯಿಖಾನೆಯ ಬಾಗಿಲು ತೆರೆಯುವವರೆಗೆ ಕಾದು ನಿಂತ. ಅಂಕೋಲೆಯಲ್ಲಿ ಹತ್ತಿದವರು ಯಾರೆಂದು ಟೀಸಿಯನ್ನೂ ಕೇಳಿದ. ಒಬ್ಬಳು ಮುದುಕಿ, ಅವಳ ಮೊಮ್ಮಗಳು. ನಾಗು ಎಲ್ಲಿಯೂ ಇರಲಿಲ್ಲ.

ಕಾಳಿ ನದಿಯ ಸೇತುವೆ ದಾಟಿದ ಮೇಲೆ ಅವನು ಕಾಲು ನೀಡಿ ಕೂತ. ಎಷ್ಟೋ ದಿನದ ಮೇಲೆ ಹಸಿವೆ ಕಾಣಿಸಿಕೊಂಡಿತು. ಅವಳು ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ರೊಟ್ಟಿ, ಸಿಗಡಿ ಚಟ್ನಿ ಎಲ್ಲ ತಿಂದ.

"ಬರ್ಲಿಲ್ಲ ನೋಡು, ನಿನ್ನ ನಾಗು," ಎಂದ.

ದುರ್ಗಾ ಕಿಟಕಿಯಿಂದ ಮುಖ ತಿರುಗಿಸಿದಳು. "ಅಂವ ಎಂತಕ್ಕೆ ಬರ್ಬೇಕು? ಇದು ನಿಮ್ಮ ಜಾಗ."

ಗೆದ್ದವನ ಹಾಗೆ ಅವನು ಮಲಗಿದ. ಬೆಳಿಗ್ಗೆ ಎಚ್ಚರಾದಾಗ ಮುಂಬಯಿ ಬಂದಿತ್ತು.

ಬೀರು ಪ್ಲಾಟ್‌ಫಾರ್ಮಿನಲ್ಲೇ ಕಾಯುತ್ತಿದ್ದ. ಕೈಯಲ್ಲಿ ಬಿದಿರಿನ ಕೋಲು, ದಾರ ಕಟ್ಟಿದ ಸೀಟಿ. ಭಾವನ ಚೀಲವನ್ನು ತಾನೇ ಎತ್ತಿಕೊಂಡು, ಕರೆತರಲು ಕಷ್ಟವಾಯಿತಾ ಎಂದು ತಂಗಿಯನ್ನು ಕೇಳಿದ.

"ನಾ ಕರೀಲೇ ಇಲ್ಲ ಅಣ್ಣ. ಕರಟ ಇವ್ರ ಕಣ್ಣಿಗೆ ಬೀಳು ಹಂಗೆ ಇಟ್ಟಿದ್ದೆ. ಇವ್ರೇ ಬಂದ್ರು."

ಬೀರು ಕೋಲನ್ನೂ ಸೀಟಿಯನ್ನೂ ತಿಮ್ಮುವಿನ ಕೈಗಿಟ್ಟ. "ಕೆಲಸ ನಾಳೆಯಿಂದ, ಭಾವ. ಖೋಲಿಗೆ, ಊಟಕ್ಕೆ ಎಲ್ಲ ಹೇಳಿಟ್ಟಿದ್ದೆ. ಕಷ್ಟದ್ದೇನಲ್ಲ. ಗೇಟಿನ ಹತ್ರ ಕೂತು ಯಾರು ಬಂದ್ರು, ಯಾರು ಹೋದ್ರು ನೋಡೂದು, ಅಷ್ಟೇಯ."

ದುರ್ಗಾ ಬರುವ ತಿಕೀಟನ್ನು ಸೆರಗಿನ ಗಂಟಿಗೆ ಸೇರಿಸಿದಳು. ಒಂದೇ ತಿಕೀಟು. ಆಮೇಲೆ ಚೀಲದಿಂದ ಖಾಕಿ ಅಂಗಿ ತೆಗೆದು ಗಂಡನ ಭುಜಕ್ಕೆ ಹಿಡಿದು ನೋಡಿದಳು.

ಅಳತೆ ಸರಿಯಾಗಿಯೇ ಇತ್ತು.